ಸೋಲುವುದಕ್ಕೆ ಬಂದ ಅಳಿಯ

ವಾಯಿಮಾಕು
12 ಅಕ್ಟೋಬರ್ 1927

ಮಗಳೇ ಹೂರಿಯಾ,

ಮೇಲಿನ ಆಕಾಶಕ್ಕೆ, ಕೆಳಗಿನ ಭೂಮಿಗೆ, ಸಮುದ್ರದಾಚೆಯ ದೊರೆಗಳಿಗೆ, ವೆಲ್ಲಿಂಗ್ಟನ್ನಿನ ಮಂತ್ರಿಮಹೋದಯರಿಗೆ, ಹಾಗೂ ತಿಮಾರು ಪಟ್ಟಣದಲ್ಲಿ ವಾಸವಾಗಿರುವ ನನ್ನ ಏಕಮಾತ್ರ ಪುತ್ರಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ: ಮ್ಯಾಕ್‌ರೇಯ ಹಂದಿ ನಮ್ಮ ಗೆಣಸಿನ ಸಸಿಮಡಿಗೆ ಮತ್ತೆ ನುಗ್ಗಿದೆ. ಸಸಿಗಳು ಈಗ ಅದರ ಹೊಟ್ಟೆಯಲ್ಲಿ ಚಿಗುರುತ್ತಿವೆ.

ವಾಡಿಕೆಯಂತೆ ನಾನು ಬೇಲಿಗೆ ಹೋಗಿ ನಿಂತು, 'ಏ ಮ್ಯಾಕ್‌ರೇ, ನಿನ್ನ ಹಂದಿ!' ಎಂದು ಕೂಗಿದೆ. ವಾಡಿಕೆಯಂತೆ ಅವನು ಹೊರಗೆ ಬಂದು, ಬಾಯಲ್ಲಿ ಬೆಣಚುಕಲ್ಲು ಇಟ್ಟುಕೊಂಡವನ ಹಾಗೆ ನಮ್ಮ ಭಾಷೆಯಲ್ಲಿ, 'ಏ ಪರಾತೆನೆ, ನಿನ್ನ ಬೇಲಿ!' ಎನ್ನಬೇಕಿತ್ತು. ಬರಲಿಲ್ಲ. ನನ್ನಲ್ಲಿದ್ದ ಬೈಗುಳವೆಲ್ಲ ಮುಗಿಯಿತು. ಕೊನೆಗೆ ಬೇಲಿ ದಾಟಿ ಅವನ ಮನೆಯೊಳಗೇ ಹೋಗಬೇಕಾಯಿತು. ನನ್ನ ಅವಸ್ಥೆ ಊಹಿಸಿಕೋ. ಆ ಹೊಲ ನನ್ನ ಅಪ್ಪನದು. ಹಿಂದೆ ನಮ್ಮವರಿಗೂ ಬಿಳಿಯರಿಗೂ ಆದ ಯುದ್ಧ ಮುಗಿದ ಮೇಲೆ ಸರ್ಕಾರ ಕಿತ್ತುಕೊಂಡು, ಸ್ಕಾಟ್ಲೆಂಡಿನ ಹಡಗಿನಿಂದ ಇಳಿದ ಈ ಹುಡುಗನಿಗೆ ಮಾರಿತು. ಅವನು ಕದ್ದವನಲ್ಲ, ಕದ್ದವರಿಂದ ಕೊಂಡವನು. ಈ ಸೂಕ್ಷ್ಮ ವ್ಯತ್ಯಾಸವನ್ನು ಬೇಲಿಯ ಎರಡು ಕಡೆ ನಿಂತು ಚರ್ಚಿಸುತ್ತಲೇ ನಾವಿಬ್ಬರೂ ಮುದುಕರಾದೆವು. ಅವನ ಹೊಸಿಲು ಮಾತ್ರ ನಾನು ತುಳಿದಿರಲಿಲ್ಲ.

ಹಾಸಿಗೆಯಲ್ಲಿದ್ದ. ಮುಖ ಹಳದಿ. ನನ್ನನ್ನು ನೋಡಿ, 'ತಡಿ ಮಾರಾಯ, ಬೂಟು ಹಾಕ್ಕೊಂಡು ಬಂದು ಜಗಳ ಆಡ್ತೀನಿ' ಅಂದ. ಬೂಟೊಳಗೆ ಕಾಲು ತೂರಿಸಲು ಅವನಿಂದ ಆಗಲಿಲ್ಲ. ನಾನೇ ತೂರಿಸಿದೆ. ಜಗಳ ಆಡುವ ಶಕ್ತಿ ಆಮೇಲೆ ಇಬ್ಬರಿಗೂ ಉಳಿಯಲಿಲ್ಲ.

ಮಾರ್ಚಿನಲ್ಲಿ ಗೆಣಸು ಅಗೆಯುತ್ತೇವೆ. ಆಗ ಬಾ. ನೀನು ಹೋದ ಮೇಲೆ ಇಲ್ಲಿ ಬುಟ್ಟಿ ಹೆಣೆಯುವವರ ಕೈಗೆ ಬಿಗಿಯಿಲ್ಲ, ಗೆಣಸು ಸಂದಿಯಿಂದ ಜಾರಿ ಬೀಳುತ್ತವೆ. ಇದು ಗೆಣಸಿನ ಹಿತದೃಷ್ಟಿಯಿಂದ ಹೇಳುತ್ತಿರುವುದು. ನನಗೇನೂ ಇಲ್ಲ.

ನಿನ್ನ ಅಪ್ಪ
ಪರಾತೆನೆ


ತಿಮಾರು
8 ನವೆಂಬರ್ 1927

ಅಪ್ಪಾ,

ಹಂದಿಯ ವಿಚಾರದಲ್ಲಿ ಇಡೀ ದಕ್ಷಿಣ ದ್ವೀಪ ನಿನ್ನ ಪರವಾಗಿದೆ. ನಿನ್ನ ಅಳಿಯ ಸೆಸಿಲ್ ತನ್ನ ಬೀಜದಂಗಡಿಯಲ್ಲಿ ಹಂದಿಗೆ ಮದ್ದು ಇದೆಯೇ ಎಂದು ಹುಡುಕಿದ. ಬಸವನಹುಳುವಿಗೆ ಮಾತ್ರ ಇದೆಯಂತೆ.

ನಿನ್ನ ಬೀಗಿತ್ತಿ ಚೆನ್ನಾಗಿದ್ದಾರೆ. ಇವತ್ತೂ ಚರ್ಚಿನಿಂದ ಬಂದು ಟೋಪಿ ತೆಗೆದು ಊಟದ ಮೇಜಿನ ಮೇಲೆ, ಬ್ರೆಡ್ಡಿನ ಪಕ್ಕದಲ್ಲಿ ಇಟ್ಟರು. ತಲೆಯ ಮೇಲಿದ್ದದ್ದು ತಿನ್ನುವ ಜಾಗದಲ್ಲಿ! ನಾನು ಬೆಂಕಿ ಬಿದ್ದವಳಂತೆ ಓಡಿ ಟೋಪಿ ಎತ್ತಿ ಗೂಟಕ್ಕೆ ಹಾಕಿದೆ. 'ಎಷ್ಟು ಅಚ್ಚುಕಟ್ಟಿನ ಹುಡುಗಿ' ಎಂದು ಹೊಗಳಿದರು. ಕಾಲುಚೀಲವನ್ನೂ ಪಾತ್ರೆ ಒರೆಸುವ ಬಟ್ಟೆಯನ್ನೂ ಒಂದೇ ಹಂಡೆಯಲ್ಲಿ ಕುದಿಸುತ್ತಾರೆಂದು ನಾನು ನನ್ನ ಬಟ್ಟೆಗಳನ್ನು ಹಿಟ್ಟಿನ ಡಬ್ಬದ ಹಿಂದೆ ಬಚ್ಚಿಡುತ್ತೇನೆ. ಅದು ಅವರ ಕಣ್ಣಿಗೆ ಬಿದ್ದಿದೆ. 'ಪಾಪ, ಒರೆಸುವ ಬಟ್ಟೆ ಅಂದ್ರೆ ಇವಳಿಗೆ ಪ್ರಾಣ' ಎಂದು ಹುಟ್ಟುಹಬ್ಬಕ್ಕೆ ಒಂದು ಕಟ್ಟು ತಂದುಕೊಟ್ಟರು.

ಹೋದ ಭಾನುವಾರ ನನ್ನನ್ನು ಸ್ಮಶಾನಕ್ಕೆ ಕರೆದುಕೊಂಡು ಹೋಗಿದ್ದರು. ಥ್ವೇಟ್ ಮನೆತನದ ಸಾಲು ಅಂತ ಒಂದಿದೆ, ಸುತ್ತ ಕಬ್ಬಿಣದ ಕಟಕಟೆ. ಛತ್ರಿಯ ತುದಿಯಿಂದ ನೆಲ ಮುಟ್ಟಿ ಮುಟ್ಟಿ ತೋರಿಸಿದರು: 'ಇದು ಜಾರ್ಜ್ ಚಿಕ್ಕಪ್ಪ. ಇದು ನಿನ್ನ ಮಾವ. ಇದು ನಾನು. ಇದು ಸೆಸಿಲ್. ನೀನು ಇಲ್ಲಮ್ಮ. ಬಿಸಿಲು ಚೆನ್ನಾಗಿ ಬೀಳುತ್ತೆ ನೋಡು.'

ಪ್ರೀತಿಯಿಂದಲೇ ತೋರಿಸಿದರು ಅಪ್ಪಾ. ಊಟಕ್ಕೆ ಕರೆದು ಕುರ್ಚಿ ತೋರಿಸುತ್ತಾರಲ್ಲ, ಹಾಗೆ. ಕೋಪ ಮಾಡಿಕೊಳ್ಳುವುದಕ್ಕೂ ಜಾಗ ಬಿಡಲಿಲ್ಲ. ಥ್ಯಾಂಕ್ಸ್ ಅಂದೆ. ಮನೆಗೆ ಬಂದು ಆಲೂಗಡ್ಡೆ ಸುಲಿಯಲು ಕೂತೆ. ಎಷ್ಟು ಸುಲಿದೆನೆಂದರೆ ಬೇಯಿಸಲು ಏನೂ ಮಿಗಲಿಲ್ಲ. ಆ ಜಾಗದಿಂದ ಸಮುದ್ರ ಕಾಣುತ್ತದೆ. ಪರಿಚಯದ ಸಮುದ್ರವಲ್ಲ.

ಮಾರ್ಚಿಗೆ ಬರುತ್ತೇನೆ. ಬುಟ್ಟಿ ಯಾರೂ ಮುಟ್ಟಬೇಡಿ, ನಾನೇ ಹೆಣೆಯುತ್ತೇನೆ.

ನಿನ್ನ ಮಗಳು
ಹೂರಿಯಾ


ವಾಯಿಮಾಕು
20 ಡಿಸೆಂಬರ್ 1927

ಮಗಳೇ ಹೂರಿಯಾ,

ನಿನ್ನ ಪತ್ರ ಬಂತು. ಪೂರ್ತಿ ಓದಿದೆ. ಇನ್ನು ಹಂದಿಯ ವಿಷಯ.

ಹಂದಿ ಆರೋಗ್ಯವಾಗಿದೆ. ಯಜಮಾನ ಮಲಗಿದ ಮೇಲೆ ಅದಕ್ಕೆ ಯಾರು ಹಾಕುವವರು? ನಾನೇ ಹಾಕುತ್ತಿದ್ದೇನೆ. ಕದ್ದು ತಿನ್ನುತ್ತಿದ್ದ ಗೆಣಸನ್ನು ಈಗ ಕೈಯಿಂದ ಕೊಟ್ಟರೆ ಮೂಸಿ ನೋಡಿ ಮುಖ ತಿರುಗಿಸುತ್ತದೆ. ಸರ್ಕಾರದ ಬುದ್ಧಿ ಈ ಪ್ರಾಣಿಗೂ ಬಂದಿದೆ. ಅದರ ಬಣ್ಣ, ಬಾಲ, ಕಿವಿಯ ಗಾಯ ಎಲ್ಲವನ್ನೂ ವಿವರವಾಗಿ ಬರೆಯಬೇಕೆಂದಿದ್ದೆ. ಈಗ ಬೇಡವೆನಿಸುತ್ತಿದೆ.

ಮ್ಯಾಕ್‌ರೇಯನ್ನು ನಮ್ಮ ಮನೆಗೆ ಹೊತ್ತು ತಂದಿದ್ದೇವೆ. ನಿನ್ನ ರೀಪೆಕತ್ತೆ ಅವನಿಗೆ ದಿನವೂ ಕೊಳೆಸಿದ ಜೋಳದ ಗಂಜಿ ಕುಡಿಸುತ್ತಾಳೆ. ಮೊನ್ನೆ ಬಂದ ಡಾಕ್ಟರು ಆ ವಾಸನೆಗೆ ಬಾಗಿಲಲ್ಲೇ ಕರವಸ್ತ್ರ ತೆಗೆದು, 'ಎಷ್ಟು ಹೊತ್ತಾಯ್ತು ಪ್ರಾಣ ಹೋಗಿ?' ಎಂದು ಕೇಳಿದರು. ಹಾಸಿಗೆಯಿಂದ ಮ್ಯಾಕ್‌ರೇ, 'ಇನ್ನೂ ಒಂದು ಬಟ್ಟಲು ಬಾಕಿ ಇದೆ ಸ್ವಾಮೀ' ಅಂದ.

ಅವನಿಗೆ ನಮ್ಮ ಗುಡ್ಡದ ಮೇಲೆ, ನಮ್ಮವರ ನಡುವೆ ಮಲಗಬೇಕಂತೆ. ಬಾಯಿಬಿಟ್ಟು ಕೇಳಿದ. ಊರು ಕೂಡಿತು. ದಿನವಿಡೀ ಮಾತಾಯಿತು. 'ಇವನ ಬೇಲಿ ಅಲ್ಲಿಗೂ ಬರತ್ತಾ?' ಎಂದರು ಕೆಲವರು. ಕೊನೆಗೆ ರೀಪೆಕಾ ಎದ್ದಳು. 'ಇಷ್ಟು ವರ್ಷ ನಮ್ಮ ನೆಲಾನ ಇವ್ನು ತಿಂದ. ಇನ್ಮೇಲೆ ಇವ್ನನ್ನ ನೆಲ ತಿನ್ಲಿ. ಲೆಕ್ಕ ಸರಿಹೋಗತ್ತೆ, ಊಟಕ್ಕೆ ಏಳಿ' ಅಂದಳು. ಎದ್ದೆವು.

ಈಗ ನನ್ನ ಚಿಂತೆ ಬೇರೆ. ತೀಮೊತಿ ದೊಡ್ಡಪ್ಪ ತೀರಿಕೊಂಡಾಗ ನಡೆದದ್ದು ನಿನಗೆ ನೆನಪಿರಬೇಕು. ಅವನ ತಾಯಿಯ ಕಡೆಯವರು ಗಾಡಿ ಕಟ್ಟಿಕೊಂಡು ಬಂದು, 'ನಮ್ಮವನನ್ನ ಕೊಡಿ, ನಮ್ಮೂರಿಗೆ ಒಯ್ತೀವಿ' ಎಂದು ಅಂಗಳದಲ್ಲಿ ಕುಣಿದು ಕೂಗಾಡಿದರು. ನಾವು ಕೊಡುವುದಿಲ್ಲವೆಂದು ಅಷ್ಟೇ ಕೂಗಾಡಿದೆವು. ನನ್ನ ಹೊಸ ಟೋಪಿ ಕಾಲಡಿ ಸಿಕ್ಕಿ ಅಪ್ಪಚ್ಚಿಯಾಯಿತು. ಎಂಥ ಮರ್ಯಾದೆ ಅದು! ತನಗಾಗಿ ಎರಡೂರು ಬಡಿದಾಡಿದ್ದನ್ನು ಕೇಳಿಸಿಕೊಂಡು ಹೋದ ಪುಣ್ಯಾತ್ಮ. ಮ್ಯಾಕ್‌ರೇಗೆ ಯಾರು ಬರುತ್ತಾರೆ? ಹೆಂಡತಿಯಿಲ್ಲ, ಮಕ್ಕಳಿಲ್ಲ, ಊರಿನಿಂದ ಪತ್ರ ಬರುವುದು ನಿಂತು ಯಾವ ಕಾಲವಾಯಿತು. ಯಾರೂ ಬಂದು ಕೇಳದ ಮನುಷ್ಯನನ್ನು, ದಾರಿಯಲ್ಲಿ ಸಿಕ್ಕ ಛತ್ರಿಯ ಹಾಗೆ ಎತ್ತಿಕೊಂಡು ಹೋಗಿ ಹೂಳುವುದೇ? ಅವಮಾನ ಅವನಿಗಲ್ಲ, ನಮಗೆ.

ಆದ್ದರಿಂದ ಹೊತ್ತು ಬಂದಾಗ ಅಳಿಯಂದಿರು ಅವನ ನೆಂಟರಾಗಿ ಬಂದು ನಮ್ಮೊಡನೆ ಜಗಳವಾಡಿ, ಸೋತು, ಊಟ ಮಾಡಿಕೊಂಡು ಹೋಗತಕ್ಕದ್ದು. ಪಾಕೆಹಾ ಬಿಳಿಯರಲ್ಲಿ ನಮಗಿರುವ ನೆಂಟ ಅವನೊಬ್ಬನೇ.

ನೀನೂ ಜೊತೆಗೆ ಬಂದರೆ ಬೇಡವೆನ್ನುವುದಿಲ್ಲ.

ನಿನ್ನ ಅಪ್ಪ
ಪರಾತೆನೆ


ತಿಮಾರು
14 ಫೆಬ್ರವರಿ 1928

ಅಪ್ಪಾ,

ಮೊದಲು ಕಷ್ಟದ ಮಾತು ಮುಗಿಸಿಬಿಡುತ್ತೇನೆ. ಮಾರ್ಚಿಗೆ ಬರಲಾರೆ. ಜೂನಿನ ಚಳಿಗಾಲದ ಹೊತ್ತಿಗೆ ಮನೆಯಲ್ಲಿ ಒಂದು ಕೂಸು ಇರಬೇಕು. ಹಿಂದೆ ಆದ ಹಾಗೆ ಈ ಸಲ ಆಗಬಾರದು ಎಂದರೆ ರೈಲು ಬೇಡ, ಹಡಗು ಬೇಡ, ಬುಟ್ಟಿಯೂ ಬೇಡ ಎಂದಿದ್ದಾರೆ ಡಾಕ್ಟರು. ಕಿಟಕಿಯ ಹತ್ತಿರ ಕೂರಿಸಿದ್ದಾರೆ. ಕಿಟಕಿ ದಕ್ಷಿಣಕ್ಕಿದೆ. ಕುರ್ಚಿಯನ್ನು ತಿರುಗಿಸಿಕೊಂಡು ಉತ್ತರದ ಗೋಡೆ ನೋಡುತ್ತ ಕೂರುತ್ತೇನೆ. ಅತ್ತೆಗೆ ಆ ಗೋಡೆಗೆ ಅಂಟಿಸಿದ ಕಾಗದದ ಮೇಲಿನ ಹೂವು ನನಗೆ ಇಷ್ಟವೆಂದು ಸಂತೋಷ.

ಇನ್ನು ನಿನ್ನ ಅಳಿಯನ ತಾಲೀಮು. ಈ ಮನುಷ್ಯ ಬಾಗಿಲಿಗೆ ಭುಜ ತಾಗಿದರೆ ಬಾಗಿಲಿಗೆ ಕ್ಷಮೆ ಕೇಳುವವನು. ತಾನು ಇಂಗ್ಲೆಂಡಿನ ಕಡೆಯವನು, ಮ್ಯಾಕ್‌ರೇ ಸ್ಕಾಟ್ಲೆಂಡಿನವನು, ಎರಡೂ ಬೇರೆ ಎಂದು ಮೊದಲು ತಕರಾರು ತೆಗೆದ. ನಮ್ಮ ಕಡಲ ದಂಡೆಯಿಂದ ನೋಡಿದರೆ ಎರಡೂ ಒಂದೇ ಹಡಗು ಎಂದೆ. ಒಪ್ಪಿದ.

'ಈಗ ಕೇಳು' ಎಂದೆ.

'ದಯವಿಟ್ಟು, ತಮಗೆ ತೊಂದರೆ ಆಗಲ್ಲಾಂದ್ರೆ, ಅಜ್ಜನನ್ನ ಸ್ವಲ್ಪ ಕೊಡ್ತೀರಾ?'

'ಉಪ್ಪು ಕೇಳ್ತಿದ್ದೀಯಾ? ಕೂಗು!'

'ಪಕ್ಕದ ಮನೆಯವ್ರು ಏನಂದ್ಕೋತಾರೆ?'

'ಯಾರೋ ಸತ್ರು ಅಂದ್ಕೋತಾರೆ. ಸರಿಯಾಗೇ ಅಂದ್ಕೋತಾರೆ.'

ಬಟ್ಟೆ ಒಗೆಯುವ ಕೊಟ್ಟಿಗೆಗೆ ಹೋಗಿ ಬಾಗಿಲು ಹಾಕಿಕೊಂಡು ಕೂಗಿದ. ನಾಯಿಗಳು ಬೊಗಳಿದವು. ಅತ್ತೆ ಛತ್ರಿ ಹಿಡಿದು ಓಡಿಬಂದರು. ಚರ್ಚಿನ ನಾಟಕದಲ್ಲಿ ಪಾರ್ಟು ಸಿಕ್ಕಿದೆ ಎಂದು ಸುಳ್ಳು ಹೇಳಿ ಪಾರಾದ. ಅತ್ತೆ ಈಗ ಟಿಕೆಟ್ಟು ಕೇಳುತ್ತಿದ್ದಾರೆ.

ಆಮೇಲೆ ಗಡಿಯಾರಕ್ಕೆ ಕೀಲಿ ಕೊಡುತ್ತ ಕೇಳಿದ: 'ಹೇಗೂ ಸೋಲಬೇಕು ಅಂತಿರುವಾಗ ಅಷ್ಟು ಯಾಕೆ ಕೂಗಬೇಕು?'

'ಸತ್ತವನಿಗೆ ಕೇಳಿಸಬೇಕಲ್ಲಾ, ತಾನು ಬೇಕಾಗಿದ್ದೆ ಅಂತ' ಎಂದೆ.

ಗಡಿಯಾರಕ್ಕೆ ಎಷ್ಟು ಕೀಲಿ ಕೊಟ್ಟನೆಂದರೆ ಅದು ನಿಂತುಹೋಯಿತು.

ಈ ವರ್ಷದ ಬುಟ್ಟಿಗಳನ್ನು ಯಾರಾದರೂ ಹೆಣೆಯಲಿ. ಬಿಗಿಯಾಗಿ ಹೆಣೆಯಲು ಹೇಳು.

ನಿನ್ನ ಮಗಳು
ಹೂರಿಯಾ


ತಂತಿ
16 ಏಪ್ರಿಲ್ 1928

ಮ್ಯಾಕ್‌ರೇ ಹೋದ. ಅಳಿಯ ಬರಲಿ. ಕಾಯುತ್ತೇವೆ. ಹಂದಿ ಕ್ಷೇಮ.
ಪರಾತೆನೆ


(ಅಳಿಯನ ಕೈಯಲ್ಲಿ)
ತಿಮಾರು
16 ಏಪ್ರಿಲ್ 1928

ಅಪ್ಪಾ,

ಇವನನ್ನು ಕಳಿಸುತ್ತಿದ್ದೇನೆ. ಹಡಗಿನಲ್ಲಿ ವಾಂತಿ ಮಾಡಿಕೊಳ್ಳುತ್ತಾನೆ, ಬಂದ ಕೂಡಲೇ ಕೂಗಲು ಹೇಳಬೇಡ. ಗೆದ್ದು ಬರದಂತೆ ನೋಡಿಕೋ. ಮ್ಯಾಕ್‌ರೇ ಅಜ್ಜನ ತಲೆಯ ಹತ್ತಿರ ನಾನು ಕೂತು ಅಳಬೇಕಾಗಿದ್ದ ಜಾಗ ಒಂದಿರುತ್ತದೆ. ಖಾಲಿ ಬಿಡಬೇಡಿ, ಯಾರಾದರೂ ಕೂತುಕೊಳ್ಳಿ.

ಹೂರಿಯಾ


ವಾಯಿಮಾಕು
24 ಏಪ್ರಿಲ್ 1928

ಮಗಳೇ ಹೂರಿಯಾ,

ನಿನ್ನ ಗಂಡ ಕ್ಷೇಮವಾಗಿ ಮನೆ ತಲುಪಿರಬೇಕು. 'ಏನಾಯ್ತು?' ಎಂದು ನೀನು ಕೇಳಿರುತ್ತೀ, 'ಎಲ್ಲ ಚೆನ್ನಾಗಿ ಆಯ್ತು' ಎಂದು ಅವನು ಹೇಳಿರುತ್ತಾನೆ. ಅವನನ್ನು ನಂಬಿ ಕೂರಬೇಡ. ನಡೆದದ್ದನ್ನು ನಾನು ಬರೆಯುತ್ತೇನೆ.

ಮೂರನೆಯ ದಿನ ಮಧ್ಯಾಹ್ನ ನೇಪಿಯರ್ ಕಡೆಯಿಂದ ಮೋಟಾರು ಬಂತು. ಸಭಾಮನೆಯ ಜಗಲಿಯಲ್ಲಿ ಮ್ಯಾಕ್‌ರೇಯನ್ನು ಮಲಗಿಸಿ, ಹೆಂಗಸರು ಸುತ್ತ ಕೂತಿದ್ದರು. ಅಳಿಯ ಗೇಟಿನ ಹೊರಗೆ ಟೋಪಿ ಹಿಡಿದು ಒಬ್ಬನೇ ನಿಂತ. ನಮ್ಮ ಕಡೆಯಿಂದ ರೀಪೆಕಾ ದನಿಯೆತ್ತಿ ಕರೆದಳು. ಅವನ ಕಡೆಯಿಂದ ಒಬ್ಬ ಹೆಂಗಸು ಓಗೊಡಬೇಕಲ್ಲ? ನೀನಿಲ್ಲ. ನಿನ್ನ ರೀಪೆಕತ್ತೆ ಏನು ಮಾಡಿದಳು ಗೊತ್ತೇ? ಲಂಗ ಎತ್ತಿಕೊಂಡು, ಬೇಲಿ ಸುತ್ತಿ ಓಡಿಹೋಗಿ, ಅವನ ಪಕ್ಕ ನಿಂತು, ತನ್ನ ಕರೆಗೆ ತಾನೇ ಓಗೊಟ್ಟಳು. ಎಪ್ಪತ್ತರ ಮುದುಕಿ. ಏದುಸಿರಿಗೆ ಅರ್ಧ ಮಾತು ಗಂಟಲಲ್ಲೇ ಉಳಿಯಿತು. ಅವನ ಕೈ ಹಿಡಿದು ಒಳಗೆ ಕರೆತಂದು, ಅವನ ಪಕ್ಕದಲ್ಲೇ ಕೂತಳು. ನಮ್ಮ ಕಡೆ ತಿರುಗಿ ಸಹ ನೋಡಲಿಲ್ಲ, ದ್ರೋಹಿ.

ನಮ್ಮ ಮಾತುಗಾರ ಹಾಕೊಪಾ ಸ್ವಾಗತದ ಮಾತಾಡಿ ಕೂತ. ಅಳಿಯಂದಿರು ಎದ್ದರು. ಎದೆ ತುಂಬ ಉಸಿರು ಎಳೆದುಕೊಂಡರು. ಕೊಟ್ಟಿಗೆಯ ತಾಲೀಮಿಗೆ ನಿನ್ನನ್ನು ಮೆಚ್ಚಬೇಕು, ಗುಡ್ಡದಲ್ಲಿ ಕುರಿಗಳು ತಲೆಯೆತ್ತಿದವು.

'ಹೆಣ್ಣು ಕೊಡಿ!' ಎಂದು ಗರ್ಜಿಸಿದ.

ಹೆಣ ಎನ್ನಬೇಕಾದಲ್ಲಿ ಪಾಪ, ಒಂದು ಒತ್ತು ಹೆಚ್ಚಾಯಿತು. ರೀಪೆಕಾ ಕೂತಲ್ಲಿಂದಲೇ, 'ಒಂದು ಕೊಟ್ಟಿಲ್ವೇನಯ್ಯಾ? ಅದನ್ನೇ ಇನ್ನೂ ತವರಿಗೆ ಒಂದ್ಸಲ ಕಳಿಸಿಲ್ಲ, ಇನ್ನೊಂದು ಬೇಕಾ?' ಅಂದಳು. ಅಂಗಳ ಬಿದ್ದು ಬಿದ್ದು ನಕ್ಕಿತು. ಹೆಣದ ಹತ್ತಿರ ಅಳುತ್ತಿದ್ದವರು ಅಳುತ್ತಲೇ ನಕ್ಕರು. ಮ್ಯಾಕ್‌ರೇಯ ಮೀಸೆ ಕೂಡ ಅಲುಗಿತೆಂದು ಕಂಡವರಿದ್ದಾರೆ.

ಇವನು ಇನ್ನು ಕೂತುಬಿಡುತ್ತಾನೆ ಎಂದುಕೊಂಡೆ. ಕಿವಿಯವರೆಗೆ ಕೆಂಪಾಗಿದ್ದ. ಕೂರಲಿಲ್ಲ. ಮ್ಯಾಕ್‌ರೇಯ ಕಡೆ ತಿರುಗಿ, ಅವನಿಗೇ ಹೇಳಿದ:

'ಅಜ್ಜಾ, ನನಗೆ ಮಾತು ಸರಿಯಾಗಿ ಬರಲ್ಲ, ಕೇಳಿಸ್ಕೊಂಡ್ರಲ್ಲ. ನಾನು ನಿಮ್ಮ ನೆಂಟ ಅಲ್ಲ. ಕರೆಸಿದ್ರು, ಬಂದೆ. ಆದ್ರೆ ದಾರೀಲಿ ಯೋಚನೆ ಮಾಡಿದೆ. ನೀವು ನನಗೆ ನಿಜವಾಗ್ಲೂ ಬೇಕು. ನೀವು ಇವರ ಭಾಷೇಲಿ ಜಗಳ ಆಡೋಕೆ ಕಲಿತ್ರಿ. ನಮ್ಮೂರಲ್ಲಿ ನನ್ನ ಹೆಂಡತಿ ಜೊತೆ ಅವಳ ಭಾಷೇಲಿ ಜಗಳ ಆಡೋರು ಒಬ್ರೂ ಇಲ್ಲ. ಅವಳು ಗೋಡೆ ನೋಡ್ಕೊಂಡು ಕೂತಿರ್ತಾಳೆ.' ಆಮೇಲೆ ನಮ್ಮ ಕಡೆ ತಿರುಗಿ, ದನಿ ಏರಿಸಿ, 'ನಿಮ್ಮಲ್ಲಿ ಇಂಥೋರು ಇಷ್ಟೊಂದು ಜನ ಇದ್ದೀರಿ! ನನಗೆ ಒಬ್ಬರನ್ನ ಕೊಡೋಕೆ ಏನು ಕಷ್ಟ? ಕೊಡಿ ಇವರನ್ನ!' ಎಂದ.

ಹೂರಿಯಾ, ಅದು ಅಭಿನಯವಾಗಿರಲಿಲ್ಲ.

ಹಾಕೊಪಾ ಗಾಬರಿಯಾದ. ಸೋಲಿಸುವುದಕ್ಕೆ ಸುಲಭದ ಪಾಕೆಹಾ ಬರುತ್ತಾನೆಂದು ಅವನು ಅರ್ಧ ಭಾಷಣವನ್ನಷ್ಟೇ ಸಿದ್ಧಮಾಡಿಕೊಂಡಿದ್ದ. ಎದ್ದು, ಈ ಮ್ಯಾಕ್‌ರೇ ನಮ್ಮ ಗೆಣಸು ತಿಂದವನು, ನಮ್ಮ ಜೋಳ ಕುಡಿದವನು, ನಮ್ಮ ಬೈಗುಳ ಉಂಡು ಬೆಳೆದವನು, ಬಿಡುವುದಿಲ್ಲ ಎಂದ. ಅಳಿಯ ಮತ್ತೆ ಎದ್ದ. ಹಾಕೊಪಾ ಮತ್ತೆ ಎದ್ದ. ಮಾತಿನ ಕೊನೆಗೆ ಹಾಡು ಬೇಕಲ್ಲ, ಅಳಿಯ ಭಾನುವಾರದ್ದೊಂದು ಹಾಡು ಎತ್ತಿಕೊಂಡು ಎರಡನೆಯ ಸಾಲಿಗೇ ಮರೆತ. ರೀಪೆಕಾ ಅದಕ್ಕೆ ನಮ್ಮದೊಂದು ಹಾಡಿನ ಬಾಲ ಅಂಟಿಸಿ ಮುಗಿಸಿದಳು. ನೆರಳು ಉದ್ದವಾಯಿತು. ಒಳಗೆ ಅಡುಗೆಯವರು ಬೇಸತ್ತು ಸೌಟು ಬಡಿಯತೊಡಗಿದರು. ಮ್ಯಾಕ್‌ರೇಗೆ ಸಿಕ್ಕ ಮರ್ಯಾದೆ ತೀಮೊತಿ ದೊಡ್ಡಪ್ಪನಿಗೂ ಸಿಕ್ಕಿರಲಿಲ್ಲ, ನಾನು ಹೇಳುತ್ತೇನೆ ಕೇಳು.

ಕೊನೆಗೆ ಅಳಿಯ, 'ಸರಿ. ಸೋತೆ. ಇಟ್ಕೊಳ್ಳಿ' ಎಂದ. ಅಬ್ಬಾ ಎಂದು ನಾವು ಊಟಕ್ಕೆ ಏಳುವುದರಲ್ಲಿದ್ದೆವು.

'ಒಂದು ಮಾತು ಇದೆ ಮಾವ' ಎಂದ. ನನಗೆ ಹೇಳಿದ್ದು. ಕೂಗಲಿಲ್ಲ ಈ ಸಲ, ಬಾಗಿಲಿಗೆ ಕ್ಷಮೆ ಕೇಳುವ ದನಿಯಲ್ಲೇ ಹೇಳಿದ. 'ನಮ್ಮಮ್ಮ ಹೂರಿಯಾಗೆ ಒಂದು ಜಾಗ ಇಟ್ಟಿದ್ದಾರೆ. ನನ್ನ ಪಕ್ಕದಲ್ಲಿ. ಅವಳು ನನಗೆ ಏನೂ ಹೇಳಿಲ್ಲ. ಆಲೂಗಡ್ಡೆ ನೋಡಿ ನನಗೆ ಗೊತ್ತಾಯ್ತು. ಅವಳ ದಿನ ಅಂತ ಬಂದಾಗ ನೀವು ಬರಬೇಕು. ಎಷ್ಟು ಜನ ಇದ್ದೀರೋ ಅಷ್ಟೂ ಜನ, ಹಡಗು ಹತ್ತಿ ಬರಬೇಕು. ನಾನು ಬಾಗಿಲಲ್ಲಿ ನಿಂತಿರ್ತೀನಿ. ಕೊಡಲ್ಲ ಅಂತೀನಿ. ಗಂಟಲು ಬೀಳೋವರೆಗೂ ಜಗಳ ಆಡ್ತೀನಿ. ಅವಳಿಗೆ ಕೇಳಿಸಬೇಕು. ಆಮೇಲೆ ಸೋಲ್ತೀನಿ. ಸೋಲೋದು ಹೇಗೆ ಅಂತ ಇವತ್ತು ಕಲಿತೆ.'

ನಾನು ಎದ್ದು ಉತ್ತರ ಕೊಡಬೇಕಿತ್ತು. ಕೋಲು ಎಲ್ಲಿ ಎಂದು ಹುಡುಕಿದೆ. ಅದು ಕೈಯಲ್ಲೇ ಇತ್ತು. ರೀಪೆಕಾ ನಮ್ಮವರ ವಂದನೆಯಂತೆ ಅವನ ಮೂಗಿಗೆ ಮೂಗು ಒತ್ತಿ ಹಿಡಿದವಳು ಊಟ ಆರುವವರೆಗೆ ಬಿಡಲಿಲ್ಲ.

ಆ ದಿನ ನಾನಿರುವುದಿಲ್ಲ ಮಗಳೇ, ಇರಲೂಬಾರದು. ಅವನು ಕೊಟ್ಟ ಮಾತು ಕೇಳಿಸಿಕೊಂಡವರು ಬೇಕಾದಷ್ಟು ಮಂದಿ ಇದ್ದಾರೆ. ಅಲ್ಲಿಯವರೆಗೆ ಆ ಬಿಸಿಲಿನ ಜಾಗದಲ್ಲಿ ಬೀಗಿತ್ತಿ ಗುಲಾಬಿ ಹಾಕಿಕೊಳ್ಳಲಿ, ಅವರಿಗೆ ಬೇಜಾರು ಮಾಡಬೇಡ. ನಿನ್ನ ಕುರ್ಚಿ ಯಾವ ಕಡೆಗಿದ್ದರೂ ಪರವಾಗಿಲ್ಲ ಈಗ. ಹೊಟ್ಟೆಯಲ್ಲಿರುವ ಕೂಸನ್ನು ಚೆನ್ನಾಗಿ ನೋಡಿಕೋ. ಇಲ್ಲಿ ಬೇಲಿಯ ಹತ್ತಿರ ಹೋದರೆ ಬೈಯುವುದಕ್ಕೆ ಯಾರೂ ಇಲ್ಲ. ಆದರೂ ಹೋಗಿ ನಿಲ್ಲುತ್ತೇನೆ.

ಒಂದು ಸಣ್ಣ ಕೆಲಸವಾಗಬೇಕು. ಎದುರಿಗೆ ಬಂದವನನ್ನು ಅವನ ಬೆಟ್ಟದ ಹೆಸರು, ಹೊಳೆಯ ಹೆಸರು ಹಿಡಿದು ಕರೆಯಬೇಕಾದದ್ದು ನಮ್ಮ ಧರ್ಮ. ಹಾಕೊಪಾನಿಗೆ ಒಂದೂ ಗೊತ್ತಿಲ್ಲದೆ, 'ಎಲೈ ಬೀಜದಂಗಡಿಯ ಅಳಿಯನೇ' ಎಂದು ಕರೆಯಬೇಕಾಯಿತು. ಊರಿಗೇ ನಾಚಿಕೆ. ಬೀಗಿತ್ತಿಯವರು ಟೋಪಿ ತೆಗೆದು ಸಮಾಧಾನವಾಗಿ ಕೂತಿರುವ ಹೊತ್ತು ನೋಡಿ, ಥ್ವೇಟರು ಸಮುದ್ರದಾಚೆ ಯಾವ ಬೆಟ್ಟದ ಕೆಳಗಿನವರು, ಯಾವ ಹೊಳೆಯ ನೀರು ಕುಡಿದವರು, ಅವರ ಮುತ್ತಜ್ಜನ ಹೆಸರೇನು ಎಂದು ಕೇಳಿ ಬರೆದು ಕಳಿಸು. ಕೂಸಿಗೂ ಬೇಕಾಗುತ್ತದೆ. ಅಕ್ಷರ ದಪ್ಪಗಿರಲಿ, ಹಾಕೊಪಾನ ಕಣ್ಣು ಮಂಜಾಗಿದೆ.

ನಿನ್ನ ಅಪ್ಪ
ಪರಾತೆನೆ